ಬಯಲಿಗೆ ರೈಫಲ್, ತೋಪಿಗೆ ಜೋಡುನಳಿಗೆ? ಬೆಳೆ ಕಾಯುವ ಬಂದೂಕಿನ ಲೆಕ್ಕ ನಮ್ಮ ನಾಲ್ಕು ತಾಲ್ಲೂಕಿನಲ್ಲಿ

ಕೋಲಾರ: ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿ ಹಿಂಡು ಒಂದು ರಾತ್ರಿ ಹೊಲಕ್ಕೆ ಇಳಿದರೆ ಸಾಕು, ಬೆಳಿಗ್ಗೆ ನೋಡೋಕೆ ಸಿಗೋದು ನೇಗಿಲು ಹೊಡೆದಂತೆ ಕಿತ್ತುಹೋದ ಮಣ್ಣು. ರಾಗಿ ತೆನೆ ಕಟ್ಟಿದಾಗಲೂ ಅದೇ ಪಾಡು. ಮುಳಬಾಗಿಲು, ಶ್ರೀನಿವಾಸಪುರದ ಗುಟ್ಟೆ ಸಾಲಿನ ಊರುಗಳಲ್ಲಿ, ಮಾಲೂರಿನ ತಮಿಳುನಾಡು ಗಡಿ ಕಡೆ, ಕೋಲಾರ ತಾಲ್ಲೂಕಿನ ಕೆರೆ ಅಂಗಳಗಳ ಸುತ್ತ ರೈತರು ಟೀ ಅಂಗಡಿ ಮುಂದೆ ಕೂತರೆ ಮಾತು ಕೊನೆಗೆ ಬಂದು ನಿಲ್ಲೋದು ಇಲ್ಲೇ: ಒಂದು ತುಪಾಕಿ ಇದ್ದಿದ್ದರೆ! ಅದಾದ ಮೇಲೆ, ಯಾವ ತುಪಾಕಿ ಅಂತ ಚರ್ಚೆ. ಬಯಲು ಹೊಲಕ್ಕೆ ದೂರ ಹೊಡೆಯುವ ರೈಫಲ್ಲೇ ಬೇಕು, ತೋಪಿನೊಳಗೆ ಜೋಡುನಳಿಗೆ ಸಾಕು ಅನ್ನೋರು ಕೆಲವರು. ಮೊಬೈಲಿನಲ್ಲಿ ಹೊರದೇಶದ ಬೇಟೆ ವಿಡಿಯೋ ನೋಡಿದ ಹುಡುಗರು ಹೇಳುವ ಹೆಸರುಗಳೇ ಬೇರೆ.

ಈ ಮಾತಿನಲ್ಲಿ ಅರ್ಧ ನಿಜ ಇದೆ. ಇನ್ನರ್ಧ ನಮ್ಮ ಜಿಲ್ಲೆಯ ನೆಲಕ್ಕೂ ಹೊಂದುವುದಿಲ್ಲ, ಕಾನೂನಿಗೂ ಹೊಂದುವುದಿಲ್ಲ. ಬೇಟೆಗೆ ಅಂತ ಬಂದೂಕು ಕೇಳುವ ದಾರಿ ಈಗ ಇಲ್ಲವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ಮೇಲೆ ಬೇಟೆ ಲೈಸೆನ್ಸ್ ಎಂಬುದೇ ದೇಶದಲ್ಲಿ ಉಳಿದಿಲ್ಲ. ಯುಗಾದಿ ಬೇಟೆಯಂಥ ಹಳೆಯ ರೂಢಿಗೂ ವಿನಾಯಿತಿ ಇಲ್ಲ. ಉಳಿದಿರುವುದು ಬೆಳೆ ರಕ್ಷಣೆಯ ಬಂದೂಕು ಮಾತ್ರ. ಅದರ ಆಯ್ಕೆಯ ಬಗ್ಗೆ ಈ ಮಾಹಿತಿ.

ರೈಫಲ್ ಬೇರೆ, ಕೋವಿ ಬೇರೆ

ನಮ್ಮ ಕಡೆ ಎಲ್ಲದಕ್ಕೂ ತುಪಾಕಿ ಅಂತಲೇ ಹೆಸರು. ಆದರೆ ಒಳಗಿನ ಲೆಕ್ಕ ಎರಡು. ರೈಫಲ್ ನಳಿಗೆಯ ಒಳಗೋಡೆಯಲ್ಲಿ ತಿರುಚಿದ ಗೀರುಗಳಿರುತ್ತವೆ. ಒಂದೇ ಗುಂಡು ಆ ಗೀರು ಹಿಡಿದು ಬುಗುರಿಯಂತೆ ತಿರುಗುತ್ತಾ ಹೋಗುತ್ತದೆ. ಹಾಗಾಗಿ ಓಲಾಡದೆ ದೂರ ಹೋಗುತ್ತದೆ, ಇಟ್ಟ ಗುರಿಗೆ ಬೀಳುತ್ತದೆ. ಕೋವಿಯ ನಳಿಗೆ ಒಳಗೆ ನುಣುಪು. ಅದರಲ್ಲಿ ಹಾಕುವುದು ಸಾಮಾನ್ಯವಾಗಿ ಚರೆ. ಹೊರಬಿದ್ದ ಚರೆ ಹರಡುತ್ತಾ ಹೋಗಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಬ್ಯಾಂಕ್ ಬಾಗಿಲಲ್ಲಿ ಕಾವಲುಗಾರರ ಹೆಗಲಲ್ಲಿ ಕಾಣುವ 12 ಬೋರ್ ಈ ಎರಡನೇ ಜಾತಿಯದು.

ಕೋವಿಯಲ್ಲಿ ಮತ್ತೆ ಎರಡು ಬಗೆ. ನಳಿಗೆಯ ಬಾಯಿಯಿಂದ ಮದ್ದು, ಚಿಂದಿ, ಚರೆ ಹಾಕಿ ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವುದು ಹಳೆಯ ಬಗೆ. ಲೈಸೆನ್ಸ್ ಪುಸ್ತಕದಲ್ಲಿ ಇದನ್ನು ಎಸ್‌ಬಿಎಂಎಲ್ ಅಂತ ಬರೆದಿರುತ್ತಾರೆ. ಹಿಂದಿನಿಂದ ಮಡಚಿ ತೋಟಾ, ಅಂದರೆ ಕಾಟ್ರಿಜ್ ಹಾಕುವುದು ಇನ್ನೊಂದು. ಒಂಟಿ ನಳಿಗೆಯಾದರೆ ಎಸ್‌ಬಿಬಿಎಲ್, ಜೋಡಿಯಾದರೆ ಡಿಬಿಬಿಎಲ್.

ಬಯಲಿಗೊಂದು, ಕಾಡಿಗೊಂದು

ಮೈದಾನದಲ್ಲಿ ಪ್ರಾಣಿ ಮನುಷ್ಯನನ್ನು ದೂರದಿಂದಲೇ ಕಂಡು ಓಡುತ್ತದೆ, ಹತ್ತಿರ ಹೋಗೋಕೆ ಮರೆ ಇರುವುದಿಲ್ಲ. ಆದ್ದರಿಂದ 150, 200 ಗಜದಲ್ಲೂ ಹೆಚ್ಚು ಕೆಳಗಿಳಿಯದೆ ನೇರ ಹೋಗುವ, ವೇಗದ ಗುಂಡಿನ ಉದ್ದ ನಳಿಗೆಯ ರೈಫಲ್ ಬೇಕು ಎನ್ನುವುದು ಹಳೆಯ ಬೇಟೆಗಾರರ ಲೆಕ್ಕ. ದಟ್ಟ ಕಾಡಿನಲ್ಲಿ ಪ್ರಾಣಿ ಕಾಣುವುದೇ ಇಪ್ಪತ್ತು, ಮೂವತ್ತು ಗಜದಲ್ಲಿ, ಅದೂ ಒಂದೆರಡು ಕ್ಷಣ. ಅಲ್ಲಿ ಉದ್ದ ನಳಿಗೆ ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಬೇಗ ಭುಜಕ್ಕೇರುವ, ಗಿಡ್ಡ, ದಪ್ಪ ಗುಂಡಿನ ಬಂದೂಕೇ ಮೇಲು. ಮಾಲೂರಿನಾಚೆ ಹೊಸೂರು, ಜವಳಗಿರಿ ಕಾಡುಗಳಲ್ಲಿ ಓಡಾಡಿದ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸುತ್ತಿದ್ದದ್ದು .405 ವಿಂಚೆಸ್ಟರ್, ಭಾರದ ಗುಂಡಿನ ರೈಫಲ್. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಓದಿದವರಿಗೆ ಆಂಡರ್ಸನ್ ಹೆಸರು ಹೊಸದಲ್ಲ.

ಇದರ ಜೊತೆಗೇ ಬೆಳೆದು ಬಂದ ಒಂದು ಮೂಢನಂಬಿಕೆ ಇದೆ. ದಪ್ಪ, ನಿಧಾನದ ಗುಂಡು ಪೊದೆಯನ್ನು ಸೀಳಿಕೊಂಡು ನೇರ ಹೋಗುತ್ತದೆ ಅನ್ನೋದು. ಹಾಗೇನಿಲ್ಲ. ಬೆರಳು ದಪ್ಪದ ಕಡ್ಡಿ ತಾಗಿದರೂ ಯಾವ ಗುಂಡಾದರೂ ದಿಕ್ಕು ಬದಲಿಸಬಹುದು. ಚರೆಯ ಗತಿಯಂತೂ ಕೇಳಲೇಬೇಡಿ. ಪೊದೆಯೊಳಗೆ ಸರಸರ ಸದ್ದಾಯಿತು ಅಂತ ಈಡು ಹಾರಿಸಿದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೋ ಹೊಡೆದವನಿಗೂ ಗೊತ್ತಿರುವುದಿಲ್ಲ.

ಕೋಲಾರದ ಬಯಲು ಖಾಲಿ ಬಯಲಲ್ಲ

ಬಯಲಿಗೆ ರೈಫಲ್ ಅನ್ನುವ ಮಾತು ಹುಟ್ಟಿದ್ದು ಮೈಲಿಗಟ್ಟಲೆ ಮನೆ ಇಲ್ಲದ ನೆಲದಲ್ಲಿ. ನಮ್ಮದು ಹಾಗಿಲ್ಲ. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 386 ಜನ. ಕೋವಿಗೆ ಹೆಸರಾದ ಕೊಡಗಿನಲ್ಲಿ 135. ಇಲ್ಲಿ ಒಂದು ಊರಿನ ದೇವಸ್ಥಾನದ ಮುಂದೆ ನಿಂತರೆ ಇನ್ನೆರಡು ಊರಿನ ನೀರಿನ ಟ್ಯಾಂಕ್ ಕಾಣುತ್ತದೆ.

ಈಗ ಗುಂಡಿನ ಲೆಕ್ಕ ನೋಡಿ. ಸಣ್ಣದು ಅಂತ ಹಗುರವಾಗಿ ನೋಡುವ .22 ರೈಫಲ್ಲಿನ ಗುಂಡೂ ಎತ್ತಿ ಹೊಡೆದರೆ ಸುಮಾರು ಒಂದೂವರೆ ಕಿ.ಮೀ. ಹೋಗಬಲ್ಲದು. ಸರ್ಕಾರಿ ಆಯುಧ ಕಾರ್ಖಾನೆಗಳಲ್ಲಿ ತಯಾರಾಗುವ .315 ರೈಫಲ್ಲಿನ ಗುಂಡು 2 ಕಿ.ಮೀ. ಮೀರಿ ಹೋಗುತ್ತದೆ. ಕೋಲಾರ ಊರಿನಿಂದ ಅಂತರಗಂಗೆ ಬೆಟ್ಟದ ಬುಡ ಹೆಚ್ಚುಕಡಿಮೆ ಅಷ್ಟು ದೂರ. .30-06 ಇನ್ನೂ ಮುಂದೆ. ಹಂದಿಗೆ ತಪ್ಪಿದ ಗುಂಡು, ಕೆಲವೊಮ್ಮೆ ಹಂದಿಯನ್ನು ದಾಟಿ ಹೋದ ಗುಂಡು, ಪಕ್ಕದೂರಿನ ಸೀಟು ಮನೆಗೆ, ಟೊಮೆಟೊ ಕೀಳುವವರ ಮೇಲೆ, ಮಾಲೂರಿನ ಕಾರ್ಖಾನೆ ಶೆಡ್ಡಿಗೆ, ಹೆದ್ದಾರಿ 75ರ ಬಸ್ಸಿಗೆ ಬೀಳಲಾರದು ಅಂತ ಯಾರೂ ಬರೆದುಕೊಡೋಕೆ ಆಗಲ್ಲ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇದ್ದರೆ ಗುಂಡು ಅಲ್ಲೇ ನಿಲ್ಲುತ್ತದೆ. ಸಮತಟ್ಟು ರಾಗಿ ಹೊಲದಲ್ಲಿ ಆ ದಿಬ್ಬ ಎಲ್ಲಿಂದ ತರುವುದು?

ಇದಕ್ಕಿಂತ ದೊಡ್ಡ ಅಪಾಯ ರಾತ್ರಿಯದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಸರಿರಾತ್ರಿಯಲ್ಲಿ ಬಂದರೆ ಮೋಟಾರ್ ಹಾಕೋಕೆ, ಪೈಪ್ ತಿರುಗಿಸೋಕೆ ರೈತರು ಹೊಲದಲ್ಲೇ ಇರುತ್ತಾರೆ. ಹಂದಿ ಬರುವುದೂ ಅದೇ ಹೊತ್ತಿಗೆ. ಬಗ್ಗಿ ಗೇಟ್‌ವಾಲ್ವ್ ತಿರುಗಿಸುತ್ತಿರುವ ಮನುಷ್ಯ ಕತ್ತಲಲ್ಲಿ ಯಾವ ಆಕಾರಕ್ಕೆ ಕಾಣುತ್ತಾನೆ ಅನ್ನೋದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ಇಳಿಯುವವರೆಗೂ ಕಾವಲಿನವರು ಮರದ ಕೆಳಗೇ ಮಲಗುತ್ತಾರೆ. ಹಂದಿ ಅಂದುಕೊಂಡು ಮನುಷ್ಯರ ಮೇಲೆ ಹಾರಿಸಿದ ಸುದ್ದಿ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಬರುತ್ತಲೇ ಇರುತ್ತದೆ. ಅಂಥದ್ದರಲ್ಲಿ ಸತ್ತವರೂ ಹೊಡೆದವರೂ ಬಹಳ ಸಲ ಒಂದೇ ಊರಿನವರು. ನಿರ್ಲಕ್ಷ್ಯದಿಂದ ಸಾವು ಎಂದು ಸಾಬೀತಾದರೂ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು.

ತೋಪು, ಜಾಲಿ, ಬಂಡೆ

ದಟ್ಟ ಕಾಡು ಅಂದರೆ ನಮ್ಮಲ್ಲಿ ಮೂರು ಥರ. ಒಂದು ನೀಲಗಿರಿ ತೋಪು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ ಮೇಲೂ ಹಳೆಯ ತೋಪುಗಳು ಕಡಿದಂತೆಲ್ಲ ಚಿಗುರುತ್ತಿವೆ. ದೂರದಿಂದ ದಟ್ಟವಾಗಿ ಕಂಡರೂ ಒಳಗೆ ಹೋದರೆ ಸಾಲು ಸಾಲು, ನೆಲ ಬೋಳು. ಗುಂಡು ಆ ಸಾಲಿನಲ್ಲಿ ತಡೆಯಿಲ್ಲದೆ ಸಾಗುತ್ತದೆ, ಸೌದೆಗೆ ಬಂದ ಹೆಂಗಸರೂ ಅದೇ ಸಾಲಿನಲ್ಲಿ ಇರುತ್ತಾರೆ. ಎರಡನೆಯದು ಕೆರೆ ಅಂಗಳದ ಬಳ್ಳಾರಿ ಜಾಲಿ. ಹಗಲು ಹಂದಿ ಹಿಂಡು ಮಲಗುವುದು ಇಲ್ಲೇ. ಗಾಯಗೊಂಡ ಹಂದಿಯ ಹಿಂದೆ ಈ ಮುಳ್ಳಿನೊಳಗೆ ನುಗ್ಗುವುದು ಎಷ್ಟು ಅಪಾಯ ಅನ್ನೋದು ಅದರ ಕೋರೆ ನೋಡಿದವರಿಗೆ ಗೊತ್ತು.

ಮೂರನೆಯದು ಬಂಡೆಗಳ ಗುಟ್ಟೆ. ಆವಣಿ ಸುತ್ತಮುತ್ತ ಆಗಲಿ, ರಾಯಲ್ಪಾಡು ಕಡೆ ಆಗಲಿ, ಬಂಡೆಗೆ ಬಡಿದ ಗುಂಡು ಅಲ್ಲೇ ಪುಡಿಯಾಗುತ್ತದೆ ಅಂತ ನಂಬಬಾರದು. ಚಪ್ಪಟೆಯಾಗಿ, ಕೀಚಲು ಸದ್ದು ಮಾಡುತ್ತಾ ಬೇರೆ ದಿಕ್ಕಿಗೆ ಹಾರುತ್ತದೆ. ಎಲ್‌ಜಿ, ಎಸ್‌ಜಿ ಎನ್ನುವ ದಪ್ಪ ಚರೆಗೂ ಈ ಗುಣ ಇದೆ.

ಹಾಗಾದರೆ ಚರೆ ಎಷ್ಟು ದೂರ? 12 ಬೋರ್ ಕೋವಿಯ ದಪ್ಪ ಚರೆ ಸರಿಯಾಗಿ ಕೆಲಸ ಮಾಡುವುದು ಸುಮಾರು 35ರಿಂದ 40 ಗಜದೊಳಗೆ. ಆಮೇಲೆ ಹರಡಿ, ಬರೀ ಗಾಯ ಮಾಡುತ್ತದೆ. ಚೋಕ್ ಇಲ್ಲದ ನಳಿಗೆಯಲ್ಲಿ ಗಜಕ್ಕೆ ಒಂದಿಂಚಿನಂತೆ ಹರಡುತ್ತದೆ ಅನ್ನೋದು ಒಂದು ಅಂದಾಜು. ಆದರೆ ಕೆಲಸ ಮಾಡುವ ದೂರ ಬೇರೆ, ಅಪಾಯದ ದೂರ ಬೇರೆ. ಎಸ್‌ಜಿ ಚರೆ ಎತ್ತಿ ಹೊಡೆದರೆ ಅರ್ಧ ಕಿ.ಮೀ. ಮೀರಿ ಹೋಗಿ ಬೀಳಬಲ್ಲದು. ನಾಲ್ಕನೇ ನಂಬರಿನಂಥ ಸಣ್ಣ ಚರೆ 250 ಮೀಟರಿನ ಆಸುಪಾಸು ಮುಗಿಯುತ್ತದೆ. ಹಾಗಾಗಿ ಹೊಲದಲ್ಲಿ ಅಟ್ಟಣೆ ಕಟ್ಟಿ ಮೇಲಿಂದ ಕೆಳಕ್ಕೆ ಹೊಡೆಯುವ ಹಳೆಯ ಪದ್ಧತಿ ಬಲು ಬುದ್ಧಿವಂತಿಕೆಯದು. ತಪ್ಪಿದರೂ ಚರೆ ನೆಲ ಸೇರುತ್ತದೆ.

ಕಾನೂನು ಕೊಡುವುದು ಯಾವುದನ್ನು

ಇಲ್ಲಿಗೆ ಬಂದರೆ ಚರ್ಚೆ ಬಹುಪಾಲು ಮುಗಿದಂತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಯಾವ ಬಂದೂಕು ಎಂದು ನೇರವಾಗಿಯೇ ಹೇಳುತ್ತದೆ: ಬಾಯಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಅಂತ ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿ, ಅಂದರೆ ತೋಟಾ ಹಾಕುವ ಒಂಟಿ ಅಥವಾ ಜೋಡುನಳಿಗೆ. ಈ ಸಾಲಿನಲ್ಲಿ ರೈಫಲ್ ಇಲ್ಲ. .22 ರೈಫಲ್ಲಿನ ಪ್ರಸ್ತಾಪ ಬರುವುದು ಶೂಟಿಂಗ್ ಕ್ಲಬ್ ಸದಸ್ಯರ ಗುರಿ ಅಭ್ಯಾಸಕ್ಕೆ. ಬೇರೆ ರೈಫಲ್ಲಿಗೆ ತಕ್ಕ ಕಾರಣ ಇದೆ ಅಂತ ಅಧಿಕಾರಿಯನ್ನು ಒಪ್ಪಿಸಬೇಕು. ಹಂದಿ ಕಾಟ ಎಂಬ ಅರ್ಜಿ ಹಿಡಿದು ರೈಫಲ್ ಕೇಳಲು ಹೋದರೆ ಕಾಲ ಹೋಗುತ್ತದೆ ಅಷ್ಟೆ. .303 ಅಂತೂ ನಿಷೇಧಿತ ಬೋರ್, ಕೇಳುವಂತೆಯೇ ಇಲ್ಲ.

ಬಾಯಿಮದ್ದಿನ ಕೋವಿ ಅಂದರೆ ಮೂಗು ಮುರಿಯುವವರು ಬಹಳ. ಒಂದು ಈಡಾದ ಮೇಲೆ ಮತ್ತೆ ತುಂಬೋಕೆ ಸಮಯ ಹಿಡಿಯುತ್ತದೆ, ಮಳೆಗಾಲದಲ್ಲಿ ಮದ್ದು, ಕೇಪು ತೇವ ಹಿಡಿಯುತ್ತದೆ, ಹೊಡೆದ ಮೇಲೆ ನಳಿಗೆಯನ್ನು ಬಿಸಿನೀರಲ್ಲಿ ತೊಳೆದು ಎಣ್ಣೆ ಸವರದಿದ್ದರೆ ಕೆಲವೇ ದಿನದಲ್ಲಿ ತುಕ್ಕು. ಇದೆಲ್ಲ ನಿಜ. ಆದರೆ ಬೆಳೆ ಕಾಯುವ ಕೆಲಸಕ್ಕೆ ಇದರ ದೊಡ್ಡ ಗುಣವೊಂದಿದೆ. ಚರೆ ಹಾಕದೆ ಬರೀ ಮದ್ದಿನ ಈಡು ಹೊಡೆಯಬಹುದು. ಬೆಂಕಿ, ಹೊಗೆ, ಸದ್ದು ಮೂರೂ ಇರುತ್ತವೆ, ಹಿಂಡು ಚೆದರುತ್ತದೆ, ಪಕ್ಕದ ಹೊಲದವನ ಪ್ರಾಣಕ್ಕೆ ತೊಂದರೆ ಇಲ್ಲ. ಕೇಪು ಹೊಡೆದರೂ ಈಡು ಹಾರದಿದ್ದರೆ ನಳಿಗೆಯನ್ನು ಖಾಲಿ ನೆಲದ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು. ಒಳಗೆ ಕಿಡಿ ಕುಳಿತಿದ್ದು ತಡವಾಗಿ ಹಾರುವುದುಂಟು. ಬಗ್ಗಿ ನಳಿಗೆಯೊಳಗೆ ಇಣುಕಿದವರ ಕತೆ ಹೇಳುವುದು ಬೇಡ.

ತೋಟಾ ಕೋವಿಗೆ ಅನುಮತಿ ಸಿಕ್ಕರೆ ಒಂಟಿ ನಳಿಗೆ ಹಗುರ, ಲೆಕ್ಕವೂ ಸರಳ. ಜೋಡುನಳಿಗೆಯಲ್ಲಿ ಎರಡನೇ ಈಡು ಕೈಯಲ್ಲೇ ಇರುತ್ತದೆ, ಆದರೆ ಒಂದು ಹೊಡೆದ ಗಡಿಬಿಡಿಯಲ್ಲಿ ಇನ್ನೊಂದು ತುಂಬಿದ್ದನ್ನು ಮರೆತು ಮನೆಗೆ ತರುವ ಅಪಾಯವೂ ಅದರಲ್ಲೇ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಒಂಟಿ ನಳಿಗೆಯೇ ವಾಸಿ.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೇಕೆ ಇಷ್ಟು ಕಟ್ಟುಪಾಡು ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ. ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆ ವಿನಾಯಿತಿ ಬಂದೂಕು ಇಟ್ಟುಕೊಳ್ಳಲು ಮಾತ್ರ. ವನ್ಯಜೀವಿ ಕಾಯ್ದೆ ಅಲ್ಲೂ ಒಂದೇ, ಇಲ್ಲೂ ಒಂದೇ.

ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದೇ

ಇಲ್ಲ. ಬಹಳ ಜನ ಎಡವುವುದು ಇಲ್ಲೇ. ಬಂದೂಕಿನ ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ. ಪ್ರಾಣಿ ಕೊಲ್ಲಲು ಅನುಮತಿ ಕೊಡಬೇಕಾದ್ದು ಅರಣ್ಯ ಇಲಾಖೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಬಂದಂತಾಗಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಅದು ಮನುಷ್ಯನಿಗೆ ಅಥವಾ ನಿಂತ ಬೆಳೆಗೆ ಅಪಾಯ ಎಂದಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, 11ನೇ ಕಲಂ ಪ್ರಕಾರ ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಬಾಯಿಮಾತಿನ ಒಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದೇಶ ಇಲ್ಲದೆ ಕೊಂದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮೈಮೇಲೆ ಬಿದ್ದ ಪ್ರಾಣಿಯನ್ನು ಪ್ರಾಣರಕ್ಷಣೆಗಾಗಿ ಕೊಂದರೆ ಅಪರಾಧವಲ್ಲ. ಆದರೆ ಸತ್ತ ಪ್ರಾಣಿ ಸರ್ಕಾರದ ಆಸ್ತಿ. ಮಾಂಸ ಪಾಲು ಹಾಕಿದರೆ ಪ್ರಾಣರಕ್ಷಣೆಯ ವಾದವೂ ಅದರ ಜೊತೆಗೇ ಹೋಗುತ್ತದೆ.

ಕಡಲೆಕಾಯಿ ಕೆದಕುವ ನವಿಲು 1ನೇ ಅನುಸೂಚಿಯದು. ಕೊಂದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಆಗಬಹುದು. ಮೊಲ, ಗೌಜಲಹಕ್ಕಿಗೂ ರಕ್ಷಣೆ ಇದೆ. ಏರ್‌ಗನ್ನಿಗೆ ಲೈಸೆನ್ಸ್ ಬೇಡವಲ್ಲ ಅನ್ನುವವರು ಗಮನಿಸಬೇಕು: ಬೋರ್ .177 ಮೀರದ, 20 ಜೌಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ ನಿಜ, ಆದರೆ ಅದರಲ್ಲಿ ಹಕ್ಕಿ ಹೊಡೆದರೂ ಬೇಟೆಯೇ. ಉರುಳು ಕಟ್ಟುವುದು, ಸಿಡಿಮದ್ದು ಇಡುವುದು ಕೂಡ ಕಾಯ್ದೆಯ ಕಣ್ಣಲ್ಲಿ ಬೇಟೆಯೇ. ಹಾರ್ಡ್‌ವೇರ್ ಅಂಗಡಿಯವರು ಕ್ಲಚ್ ವೈರ್ ಮಾರುವುದರಲ್ಲಿ ತಪ್ಪೇನಿಲ್ಲ, ಉರುಳಿಗೆ ಅಂತ ಬಾಯಿಬಿಟ್ಟು ಕೇಳಿದವನಿಗೆ ಕೊಡದಿರುವುದು ಅಂಗಡಿಗೇ ಕ್ಷೇಮ.

ಮಾಲೂರು ಗಡಿಯಲ್ಲಿ ಬರುವ ಆನೆಗೆ ಯಾವ ಕೋವಿಯೂ ಮದ್ದಲ್ಲ. ಚರೆ ತಾಗಿದ ಆನೆ ಸಾಯುವುದಿಲ್ಲ, ಕೆರಳುತ್ತದೆ, ಮುಂದಿನ ಊರಿನವರ ಮೇಲೆ ಹೋಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಬೇಲಿಗೆ ನೇರ ಕರೆಂಟ್ ಕೊಡುವುದಂತೂ ಕೋವಿಗಿಂತ ಕೆಟ್ಟದ್ದು. ಕೋವಿ ಹಿಡಿದವನಿಗಾದರೂ ಕಣ್ಣಿರುತ್ತದೆ, ತಂತಿಗೆ ಹಂದಿ ಯಾವುದು, ಹುಲ್ಲಿಗೆ ಹೋದ ಹೆಂಗಸು ಯಾರು ಎಂಬುದು ತಿಳಿಯುವುದಿಲ್ಲ. ಸೋಲಾರ್ ಬೇಲಿಯ ಯಂತ್ರ ಬಿಟ್ಟು ಬಿಟ್ಟು ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಪ್ರಾಣಿ ಹಿಂದಕ್ಕೆ ಹೋಗುತ್ತದೆ. ಹಾಳಾದ ಬೆಳೆಗೆ ಇ-ಪರಿಹಾರ ವ್ಯವಸ್ಥೆಯಲ್ಲಿ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ಹೊಲ ಹಸನು ಮಾಡುವ ಮೊದಲೇ ಹೆಜ್ಜೆ ಗುರುತು ಸಮೇತ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಅರ್ಜಿ ಎಲ್ಲಿ, ಹೇಗೆ

ನಾಲ್ಕೂ ತಾಲ್ಲೂಕಿನವರು ಅರ್ಜಿ ಹಾಕಬೇಕಾದ್ದು ಕೋಲಾರದ ಜಿಲ್ಲಾಧಿಕಾರಿ ಕಚೇರಿಗೆ, ನಮೂನೆ ಎ-1ರಲ್ಲಿ. 21 ವರ್ಷ ತುಂಬಿರಬೇಕು. ಗುರುತಿನ ದಾಖಲೆ, ವೈದ್ಯರ ಪ್ರಮಾಣಪತ್ರ, ಬಂದೂಕು ಸುರಕ್ಷತಾ ತರಬೇತಿ ಪ್ರಮಾಣಪತ್ರದ ಜೊತೆ ಪಹಣಿ ಇಡಬೇಕು. ಹಿಂದೆ ಬೆಳೆ ನಷ್ಟಕ್ಕೆ ಕೊಟ್ಟ ಅರ್ಜಿಗಳ ಪ್ರತಿ ಇದ್ದರೆ ಬಲ ಬರುತ್ತದೆ. ಸ್ಥಳೀಯ ಠಾಣೆಯಿಂದ ವರದಿ ಹೋಗುತ್ತದೆ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಅಂತ ಕಾಯ್ದೆಯ 14ನೇ ಕಲಮ್ಮಿನಲ್ಲೇ ಇದೆ, ಒಂದೆಕರೆ ರೈತರೂ ಕೇಳಬಹುದು. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶ ಇದೆ. ಆತ್ಮರಕ್ಷಣೆಗೆ ಅಂತ ಕೇಳುವ ಅಂಗಡಿ ಮಾಲೀಕರಿಗೂ ದಾರಿ ಇದೇ, ಕಾರಣ ಮಾತ್ರ ಬೇರೆ.

2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. ಮದುವೆ, ಜಾತ್ರೆ, ಗೆದ್ದ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ. ಚುನಾವಣೆ ಘೋಷಣೆಯಾದಾಗ ಬಂದೂಕು ಠಾಣೆಗೆ ಒಪ್ಪಿಸುವ ಆದೇಶ ಬರುತ್ತದೆ. ಬೆಳೆ ಕೈಗೆ ಬರುವ ಹೊತ್ತಿಗೇ ಅದು ಬಂದರೆ ರೈತರಿಗೆ ಸಂಕಟ. ವಿನಾಯಿತಿ ಬೇಕಿದ್ದವರು ಆದೇಶ ಬಂದ ಕೂಡಲೇ ಲಿಖಿತವಾಗಿ ಕೇಳಬೇಕು, ಇಲ್ಲದಿದ್ದರೆ ಒಪ್ಪಿಸಿ ರಸೀದಿ ಪಡೆಯಬೇಕು.

ಅಟ್ಟದ ಮೇಲಿನ ತಾತನ ಕೋವಿ

ಲೈಸೆನ್ಸ್ ಇರುವುದು ಹೆಸರಿನವರಿಗೆ ಮಾತ್ರ. ಅಪ್ಪನ ಕೋವಿ ಹಿಡಿದು ಮಗ ಕಾವಲಿಗೆ ಹೋಗುವಂತಿಲ್ಲ, ಪಕ್ಕದ ಮನೆಯವರಿಗೆ ಒಂದು ರಾತ್ರಿಗೆ ಕೊಡುವಂತಿಲ್ಲ. ಲೈಸೆನ್ಸ್‌ದಾರ ತೀರಿಕೊಂಡರೆ ಆ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ವಾರಸುದಾರರಿಗೆ ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಹಾಕಿಕೊಳ್ಳಬಹುದು. ನೆನಪಿಗೆ ಅಂತ ಅಟ್ಟದ ಮೇಲೆ ಇಟ್ಟುಕೊಂಡರೆ ಅದು ಲೈಸೆನ್ಸ್ ಇಲ್ಲದ ಬಂದೂಕು. ಗುಜರಿಯಿಂದ ಬಂದ ನಾಡಬಂದೂಕಿಗೂ ಅದಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಕಡಿಮೆ: 2 ವರ್ಷಕ್ಕೆ ಕಡಿಮೆಯಿಲ್ಲದಂತೆ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಠಾಣೆಗೆ ಒಯ್ಯುವ ಮೊದಲು ನಳಿಗೆಯಲ್ಲಿ ಹಳೆಯ ಈಡು ಉಳಿದಿದೆಯೇ ಅಂತ ಗೊತ್ತಿದ್ದವರಿಂದ ನೋಡಿಸಬೇಕು. ಬಾಯಿಮದ್ದಿನ ಕೋವಿಯಲ್ಲಿ ವರ್ಷಗಟ್ಟಲೆ ಹಿಂದೆ ತುಂಬಿಟ್ಟ ಮದ್ದೂ ಕಿಡಿ ತಾಗಿದರೆ ಹಾರುತ್ತದೆ. ಗೊತ್ತಿದ್ದವರು ಸಿಗದಿದ್ದರೆ ಮುಟ್ಟದೆ ಹಾಗೇ ಬಿಟ್ಟು, ಠಾಣೆಯವರನ್ನೇ ಮನೆಗೆ ಕರೆಯುವುದು ಸರಿ.